ಬೆಳವಣಿಗೆಯ ವಿಳಂಬ, ಎಳೆಯ ಮಕ್ಕಳಲ್ಲಿ

ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂರುವುದು, ನಡೆಯುವುದು, ಮಾತಾಡುವುದು, ಜನರೊಂದಿಗೆ ಬೆರೆಯುವುದು ಮುಂತಾದವು ಬಹುಪಾಲು ಮಕ್ಕಳಲ್ಲಿ ಕಾಣಿಸುವ ವಯಸ್ಸು ದಾಟಿದರೂ ಒಂದು ಮಗುವಿನಲ್ಲಿ ಕಾಣದಿದ್ದರೆ ಅದನ್ನು ಬೆಳವಣಿಗೆಯ ವಿಳಂಬ ಎನ್ನುತ್ತಾರೆ. ಜ್ವರದ ಹಾಗೆ ಇದೂ ಒಂದು ಸೂಚನೆ. ಕಾರಣವನ್ನು ಬೇರೆಯಾಗಿ ಹುಡುಕಬೇಕು. ಐದು ವರ್ಷದೊಳಗಿನ ಮಗು ಎರಡು ಅಥವಾ ಅದಕ್ಕಿಂತ ಹೆಚ್ಚು ವಿಷಯಗಳಲ್ಲಿ ಗಣನೀಯವಾಗಿ ಹಿಂದುಳಿದಿದ್ದರೆ ವೈದ್ಯರು ‘ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ’ ಎಂದು ಬರೆಯುತ್ತಾರೆ.

ಹೈದರಾಬಾದಿನ ಪಶ್ಚಿಮದ ಲಿಂಗಂಪಲ್ಲಿಯ ಕನ್ನಡ ಮನೆಗಳಲ್ಲಿ ಈ ಆತಂಕ ಸಾಮಾನ್ಯವಾಗಿ ಮಾತಿನ ಸುತ್ತಲೇ ಹುಟ್ಟುತ್ತದೆ. ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿರುವ ಈ ನಿಲ್ದಾಣ, ಬೀದರ್ ಮತ್ತು ಕಲಬುರಗಿ ಕಡೆಯಿಂದ ಬರುವವರಿಗೆ ಹೈದರಾಬಾದಿನ ಹೆಬ್ಬಾಗಿಲು. ಆ ಜಿಲ್ಲೆಗಳೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹತ್ತಿರದಲ್ಲೇ ಬಿಎಚ್‌ಇಎಲ್ ಕಾರ್ಖಾನೆ, ಹೈದರಾಬಾದ್ ವಿಶ್ವವಿದ್ಯಾಲಯ, ಗಚ್ಚಿಬೌಲಿಯ ಐಟಿ ಕಚೇರಿಗಳು. ಇಂಥ ಕಡೆ ಬೆಳೆಯುವ ಮಗುವಿಗೆ ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತೆಲುಗು, ಅಂಗಡಿಯಲ್ಲಿ ದಖ್ಖನಿ ಉರ್ದು ಅಥವಾ ಹಿಂದಿ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್. ಎರಡು ವರ್ಷ ತುಂಬಿದರೂ ಮಗು ಮಾತಾಡದಿದ್ದರೆ ದೂರು ಮೊದಲು ಬೀಳುವುದು ಈ ಭಾಷೆಗಳ ಮೇಲೆ. “ಒಂದೇ ಭಾಷೆ ಆಡಿ, ಕನ್ನಡ ಬಿಡಿ” ಎಂಬ ಸಲಹೆಯೂ ಹಿಂದೆಯೇ ಬರುತ್ತದೆ.

ಈ ಸಲಹೆ ತಪ್ಪು. ಹಲವು ಭಾಷೆ ಕೇಳಿ ಬೆಳೆಯುವ ಮಕ್ಕಳ ಮೊದಲ ಮಾತು ಕೂಡ ಒಂದೇ ಭಾಷೆಯ ಮಕ್ಕಳ ವಯೋಮಿತಿಯೊಳಗೇ ಬರುತ್ತದೆ. ಲೆಕ್ಕ ಹಾಕುವ ರೀತಿ ಮಾತ್ರ ಬೇರೆ. ಕನ್ನಡದ ‘ಹಾಲು’, ತೆಲುಗಿನ ‘ಪಾಲು’, ಹಿಂದಿಯ ‘ದೂಧ್’ ಮೂರನ್ನೂ ಒಂದು ಮಗು ಆಡಿದರೆ ಅದು ಮೂರು ಪದ ಕಲಿತಿದೆ ಎಂದೇ ಎಣಿಸಬೇಕು. ಒಂದೇ ಭಾಷೆಯಲ್ಲಿ ಎಣಿಸಿದರೆ ಪದಗಳು ಕಡಿಮೆ ಕಾಣಬಹುದು. ಎಲ್ಲ ಭಾಷೆಗಳನ್ನೂ ಕೂಡಿಸಿದರೆ ಮಗು ಸರಿಯಾಗಿಯೇ ಇರಬಹುದು. ನಿಜವಾದ ವಿಳಂಬವಿದ್ದರೆ ಅದು ಕೇಳಿದ ಎಲ್ಲ ಭಾಷೆಗಳಲ್ಲೂ ತೋರುತ್ತದೆ. ಅಮ್ಮನಿಗೆ ನೀರು ಕುಡಿದಷ್ಟು ಸುಲಭವಾದ ಭಾಷೆಯನ್ನು ಕಸಿದುಕೊಂಡು, ತಡವರಿಸುವ ಇಂಗ್ಲಿಷಿನಲ್ಲಿ ಮಗುವನ್ನು ಮಾತಾಡಿಸು ಎಂದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಇನ್ನೊಂದು ಕಡೆಯಿಂದ ಹಿರಿಯರ ಸಮಾಧಾನ. “ಗಂಡುಮಕ್ಕಳಿಗೆ ಮಾತು ತಡ”, “ಅವರಪ್ಪನೂ ನಾಲ್ಕಕ್ಕೇ ಬಾಯಿಬಿಟ್ಟಿದ್ದು”. ಜೊತೆಗೆ ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುವ ರೂಢಿ. ಹುಡುಗಿಯರಿಗಿಂತ ಹುಡುಗರು ಸರಾಸರಿಯಲ್ಲಿ ತುಸು ತಡವಾಗಿ ಮಾತಾಡುವುದು ನಿಜ. ಆದರೆ ಆ ಅಂತರ ಚಿಕ್ಕದು, ವರ್ಷಗಟ್ಟಲೆ ಕಾಯಲು ಅದು ಕಾರಣವಾಗದು. ಬಜೆಯಿಂದ ಮಾತು ಬರುವುದಿಲ್ಲ. ಹಾಗೆಂದು ಹಳೆಯ ಮನೆಗಳ ಗಮನವನ್ನು ಹಗುರವಾಗಿ ಕಾಣಬಾರದು. ಮಗು ಬೋರಲು ಬಿದ್ದ ದಿನ, ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಮನೆಯಲ್ಲಿ ಆ ದಿನ ಇನ್ನೂ ಬಂದಿಲ್ಲ ಎಂಬುದೂ ಅಜ್ಜಿಯ ಕಣ್ಣಿಗೆ ಬೀಳುತ್ತದೆ. ತಾರಮ್ಮಯ್ಯ ಆಡಿಸುವಾಗ ಮಗು ಮುಖ ನೋಡಿ ಕೈ ತಿರುಗಿಸುತ್ತದೆಯೇ ಎಂದು ಗಮನಿಸುವ ಅಜ್ಜಿ, ಅನುಕರಣೆಯನ್ನೂ ಕಣ್ಣೋಟವನ್ನೂ ಒಟ್ಟಿಗೆ ಪರೀಕ್ಷಿಸಿದಂತೆಯೇ.

ಎಷ್ಟು ತಡವಾದರೆ ತಡ? ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಪಕ್ಕದ ಮನೆಯ ಮಗು ಒಂಬತ್ತು ತಿಂಗಳಿಗೆ ನಡೆದು, ತಮ್ಮದು ಹದಿನಾರಕ್ಕೆ ನಡೆದರೆ ಎರಡೂ ಸಹಜವೇ. ಅದೇ ಅಧ್ಯಯನದಲ್ಲಿ ಶೇ. 4.3 ಮಕ್ಕಳು ಅಂಬೆಗಾಲಿಡಲೇ ಇಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನು ಎರಡು ವರ್ಷದವರೆಗೆ ಹುಟ್ಟಿದ ದಿನದಿಂದ ಎಣಿಸದೆ, ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು. ಹೆಚ್ಚಾಗಿ ಅವಧಿಗೆ ಮುನ್ನವೇ ಹುಟ್ಟುವ ಅವಳಿ ಮಕ್ಕಳ ಮನೆಗಳಲ್ಲಿ ಈ ಒಂದು ಲೆಕ್ಕವೇ ಎಷ್ಟೋ ನಿದ್ರೆಗೆಟ್ಟ ರಾತ್ರಿಗಳನ್ನು ತಪ್ಪಿಸುತ್ತದೆ.

ಆದರೂ ಕಾಯಬಾರದ ಕೆಲವು ಗೆರೆಗಳಿವೆ. ಹನ್ನೆರಡು ತಿಂಗಳಾದರೂ ತೊದಲದಿರುವುದು, ಬೆರಳು ತೋರಿಸದಿರುವುದು, ಟಾಟಾ ಮಾಡದಿರುವುದು. ಹದಿನಾರು ತಿಂಗಳಿಗೂ ಒಂದು ಪದವಿಲ್ಲದಿರುವುದು. ಎರಡು ವರ್ಷಕ್ಕೂ ‘ಅಪ್ಪ ಬಾ’, ‘ನೀರು ಬೇಕು’ ಎಂಬಂಥ ಎರಡು ಪದಗಳ ಜೋಡಣೆ ಬಾರದಿರುವುದು. ಇವೆಲ್ಲಕ್ಕಿಂತ ಗಂಭೀರವಾದದ್ದು, ಬಂದಿದ್ದ ಮಾತು ಅಥವಾ ಕೌಶಲ ಯಾವ ವಯಸ್ಸಿನಲ್ಲೇ ಆಗಲಿ ಕಳೆದುಹೋಗುವುದು.

ಮಾತು ತಡವಾದಾಗ ಮೊದಲು ನೋಡಬೇಕಾದದ್ದು ಕಿವಿ. ತಟ್ಟೆ ಬಡಿದಾಗ ಮಗು ತಿರುಗಿತು ಎಂಬ ಮನೆಯ ಪರೀಕ್ಷೆ ಸಾಲದು. ಜೋರು ಸದ್ದು ಕೇಳುವ ಮಗುವಿಗೆ ಮಾತಿನ ಸೂಕ್ಷ್ಮ ಧ್ವನಿಗಳು ಕೇಳದಿರಬಹುದು. ಉಳಿದ ಕಾರಣಗಳು ಹಲವು: ಅವಧಿಪೂರ್ವ ಜನನ, ಹೆರಿಗೆಯಲ್ಲಿ ಉಸಿರುಗಟ್ಟಿದ್ದು, ನವಜಾತ ಶಿಶುವಿನ ತೀವ್ರ ಕಾಮಾಲೆ, ಡೌನ್ ಸಿಂಡ್ರೋಮ್‌ನಂಥ ಆನುವಂಶಿಕ ಸ್ಥಿತಿಗಳು, ಆಟಿಸಂ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಶುರುವಾದರೆ ಬುದ್ಧಿಯ ಬೆಳವಣಿಗೆ ಉಳಿಯುತ್ತದೆ. ತಿಂಗಳುಗಳು ಕಳೆದರೆ ಆದ ಹಾನಿ ಪೂರ್ತಿ ಸರಿಯಾಗುವುದಿಲ್ಲ. ಮೊಬೈಲ್ ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಸ್ಪಷ್ಟ: ಒಂದು ವರ್ಷದ ಮಗುವಿಗೂ ಅದು ಸಲ್ಲದು, ಎರಡು ವರ್ಷವಾದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಹೈದರಾಬಾದಿಗೆ ಈ ಕ್ಷೇತ್ರದಲ್ಲಿ ದೊಡ್ಡ ಹೆಸರಿದೆ. ಸಿಕಂದರಾಬಾದಿನ ಬೋಯಿನಪಲ್ಲಿಯ ಮನೋವಿಕಾಸ ನಗರದಲ್ಲಿ 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಇಂದು ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಬಲೀಕರಣ ಸಂಸ್ಥೆ. ಜನರ ಬಾಯಲ್ಲಿ ‘ಎನ್‌ಐಇಪಿಐಡಿ’. ಆಟಿಸಂ ಅಳೆಯುವ ನಲವತ್ತು ಅಂಶಗಳ ಭಾರತೀಯ ಮಾಪಕ 2009ರಲ್ಲಿ ಬಂದದ್ದು ಇಲ್ಲಿಂದಲೇ. ಎಳೆಯ ಮಕ್ಕಳ ಬೇರೆ ಬೇರೆ ವೈಕಲ್ಯಗಳಿಗೆ ಒಂದೇ ಸೂರಿನಡಿ ಚಿಕಿತ್ಸೆ ಕೊಡುವ 14 ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳು 2021ರ ಜೂನ್‌ನಲ್ಲಿ ದೇಶದಾದ್ಯಂತ ತೆರೆದಾಗ ಸಿಕಂದರಾಬಾದಿಗೂ ಒಂದು ಸಿಕ್ಕಿತು.

ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಬುನಾದಿ ಹಾಕಿತು. ವಾಕ್-ಭಾಷಾ ತಜ್ಞೆ ಪ್ರತಿಭಾ ಕಾರಂತ್ ಅವರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಮ್‌ಡೀಲ್ ಕಾರ್ಯಕ್ರಮ ಶಾಲೆಗೆ ಹೋಗುವ ಮುಂಚಿನ ಮಕ್ಕಳನ್ನೇ ಗುರಿಯಾಗಿಸಿಕೊಂಡಿತು. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರ ರೂಪಿಸಿದ ಹದಿನೇಳು ಅಂಶಗಳ ಸರಳ ಪಟ್ಟಿಯನ್ನು ಅಂಗನವಾಡಿ ಕಾರ್ಯಕರ್ತೆಯೂ ಬಳಸಬಲ್ಲಳು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕು. ಖಾಸಗಿ ಪ್ಲೇಸ್ಕೂಲಿಗೆ ಹೋಗುವ, ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಗು ಈ ಬಲೆಯಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ. ಅನುಕೂಲಸ್ಥರ ಮನೆಯ ಮಗು ತಾನಾಗಿ ಸಿಕ್ಕಿಬೀಳುವ ಅವಕಾಶ ಕಡಿಮೆ ಎಂಬುದನ್ನು ನಗರದ ಪಾಲಕರು ಮನಸ್ಸಿಗೆ ತಂದುಕೊಳ್ಳುವುದು ಅಪರೂಪ.

ಇದು ವಿರಳ ಸಂಕಟವೂ ಅಲ್ಲ. ಹೈದರಾಬಾದೂ ಸೇರಿದಂತೆ ದೇಶದ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಿಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ನರ-ಬೆಳವಣಿಗೆಯ ಯಾವುದಾದರೊಂದು ತೊಂದರೆ ಕಂಡಿತು.

ಅಮ್ಮನ ಚಿಂತೆಗೆ ವೈದ್ಯಶಾಸ್ತ್ರದಲ್ಲಿ ಬೆಲೆಯಿದೆ. ಅಮೆರಿಕದ ಮನಃಶಾಸ್ತ್ರಜ್ಞೆ ಫ್ರಾನ್ಸಿಸ್ ಗ್ಲಾಸ್ಕೋ ರೂಪಿಸಿದ ‘ಪೆಡ್ಸ್’ ಎಂಬ ಹತ್ತು ಪ್ರಶ್ನೆಗಳ ತಪಾಸಣೆ ಮಗುವನ್ನು ಮುಟ್ಟುವುದೇ ಇಲ್ಲ; ಮಾತು, ಕೈಬಳಕೆ, ನಡವಳಿಕೆಯ ಬಗ್ಗೆ ನಿಮಗೇನಾದರೂ ಚಿಂತೆಯಿದೆಯೇ ಎಂದು ಪಾಲಕರನ್ನು ಕೇಳುತ್ತದೆ. ಆ ಉತ್ತರಗಳ ಮೇಲೆಯೇ ಯಾವ ಮಗುವನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕೆಂದು ತೀರ್ಮಾನವಾಗುತ್ತದೆ. “ಸುಮ್ಮನೆ ಗಾಬರಿ ಬೀಳುತ್ತೀಯ” ಎಂದು ತಾಯಿಯ ಬಾಯಿ ಮುಚ್ಚಿಸುವ ಮನೆಯವರು ಇದನ್ನು ತಿಳಿಯಬೇಕು. ರೋಗನಿರ್ಣಯದ ಚೀಟಿ ಕೈಗೆ ಬರುವವರೆಗೆ ಕಾಯದೆ ಚಿಕಿತ್ಸೆ ಶುರುಮಾಡಬಹುದು, ಮಾಡಬೇಕು. ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದು ಬಂದರೆ ಕಳೆದುಕೊಂಡದ್ದು ಒಂದು ದಿನದ ರಜೆ.

ಲಿಂಗಂಪಲ್ಲಿಯಿಂದ ಎಂಎಂಟಿಎಸ್ ರೈಲು ಸಿಕಂದರಾಬಾದಿಗೆ ಹೋಗುತ್ತದೆ. ಬೋಯಿನಪಲ್ಲಿ ಅಲ್ಲಿಂದ ದೂರವಿಲ್ಲ. ಹೊರಡುವಾಗ ತಾಯಿ ಕಾರ್ಡ್, ಹೆರಿಗೆಯ ಕಾಗದಗಳು, ಮಗು ಮನೆಯಲ್ಲಿ ಆಡುವಾಗ ತೆಗೆದ ವಿಡಿಯೊ ಜೊತೆಗಿರಲಿ. ಮಗು ಆಡುವ ಕನ್ನಡ ಪದಗಳನ್ನು ಅರ್ಥಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪರೀಕ್ಷಿಸುವವರಿಗೆ ಕನ್ನಡ ಬಾರದಿದ್ದರೆ ಆ ಪದಗಳನ್ನು ಲೆಕ್ಕಕ್ಕೆ ಸೇರಿಸಬೇಕಾದವರು ನೀವೇ.