ಪಠ್ಯಪುಸ್ತಕದೊಳಗಿನ ಕ್ರಿಕೆಟ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳಲ್ಲಿ ಮಳೆ ಬಂದರೆ ನಮ್ಮ ಕ್ರಿಕೆಟ್ ಸಮಾಜ ವಿಜ್ಞಾನದ ಪುಸ್ತಕದೊಳಗೆ ನಡೆಯುತ್ತಿತ್ತು. ಕಣ್ಣು ಮುಚ್ಚಿ ಪುಟ ತೆರೆದು ಎಡಪುಟದ ಕೊನೆಯ ಅಂಕಿ ನೋಡುವುದು, ಸೊನ್ನೆಯಾದರೆ ಔಟು. ಎಡಪುಟಕ್ಕೆ ಯಾವಾಗಲೂ ಸಮಸಂಖ್ಯೆಯೇ ಆದ್ದರಿಂದ ಎರಡು, ನಾಲ್ಕು, ಆರು ಸಲೀಸು. ಎಂಟು ಬಂದರೆ ಜಗಳ.

ಅಮೆರಿಕದಲ್ಲಿ 1961ರಲ್ಲಿ ಬಂದ ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಬೇಸ್‌ಬಾಲ್ ಆಟದಲ್ಲಿ ಪ್ರತಿ ಆಟಗಾರನ ನಿಜವಾದ ಸಾಧನೆಗೆ ತಕ್ಕ ಕಾರ್ಡು ಇರುತ್ತದೆ. ದಾಳ ಹೇಗೆ ಉರುಳಿದರೂ ದುರ್ಬಲನ ಕಾರ್ಡು ದುರ್ಬಲವೇ. ನಮ್ಮ ಪುಸ್ತಕಕ್ಕೆ ಈ ಭೇದ ತಿಳಿದಿರಲಿಲ್ಲ. ಟೆಸ್ಟುಗಳಲ್ಲಿ 242 ವಿಕೆಟ್ ಪಡೆದು ಬರೀ 167 ರನ್ ಗಳಿಸಿದ ಬಿ.ಎಸ್. ಚಂದ್ರಶೇಖರ್ ಅಲ್ಲಿ ಜಿ.ಆರ್. ವಿಶ್ವನಾಥರಿಗೆ ಸರಿಸಮ. (ಪುಸ್ತಕದ ಬೆನ್ನು ಮುರಿದು ಆರರ ಪುಟವನ್ನೇ ಪಳಗಿಸಿಕೊಂಡ ಜಾಣರೂ ನಮ್ಮಲ್ಲಿದ್ದರು.) ಸ್ಕೋರು ಬರೆದಿಟ್ಟ ನೋಟುಬುಕ್ಕುಗಳು ವರ್ಷದ ಕೊನೆಗೆ ರದ್ದಿಗೆ ಹೋದವು, ಚಂದ್ರ ಹೊಡೆದ ಅರ್ಧಶತಕಗಳೂ ಅವುಗಳೊಂದಿಗೇ ಹೋದವು.