ಕವಲೊಡೆದ ಕೋಶ: ಒಂದು ಸಂಶೋಧನೆಯ ಚರಿತ್ರೆ

ಡೆಂಡ್ರಿಟಿಕ್ ಕೋಶ ಬಿಳಿ ರಕ್ತಕಣಗಳ ಬಳಗಕ್ಕೆ ಸೇರಿದ್ದು. ಚರ್ಮ, ಶ್ವಾಸಕೋಶ, ಕರುಳಿನ ಒಳಪದರ, ಗುಲ್ಮ, ದುಗ್ಧಗ್ರಂಥಿ, ಹೀಗೆ ದೇಹದ ಬಹುಪಾಲು ಕಡೆ ಇದ್ದರೂ ಎಲ್ಲಿಯೂ ಅದರ ಸಂಖ್ಯೆ ಹೆಚ್ಚಿಲ್ಲ. ಒಳಹೊಕ್ಕ ರೋಗಾಣುವಿನ ಚೂರುಗಳನ್ನು ಹಿಡಿದು, ದುಗ್ಧನಾಳದ ಹಾದಿಯಲ್ಲಿ ಹತ್ತಿರದ ದುಗ್ಧಗ್ರಂಥಿಗೆ ಸಾಗಿ, ಅಲ್ಲಿನ ಟಿ ಕೋಶಗಳಿಗೆ ತೋರಿಸುವುದು ಅದರ ಕೆಲಸ. ಟಿ ಕೋಶಕ್ಕೆ ಇಡೀ ರೋಗಾಣುವನ್ನು ನೇರವಾಗಿ ಗುರುತಿಸಲು ಬರುವುದಿಲ್ಲ. ಬೇರೊಂದು ಕೋಶ ಅದನ್ನು ಅರಗಿಸಿ, ತುಣುಕೊಂದನ್ನು ತನ್ನ ಮೈಮೇಲೆ ಎತ್ತಿ ಹಿಡಿದಾಗಲೇ ಅದಕ್ಕೆ ಶತ್ರುವಿನ ಗುರುತು ಸಿಗುವುದು. ಇಂದಿನ ಪಠ್ಯಪುಸ್ತಕಗಳಲ್ಲಿ ಸಲೀಸಾಗಿ ಬರುವ ಈ ವಿವರಣೆಯನ್ನು ವಿಜ್ಞಾನಿಗಳ ವಲಯ ಮನಸಾರೆ ಒಪ್ಪಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಈ ಬಳಗದ ಒಂದು ಕೋಶ ಬಹಳ ಹಿಂದೆಯೇ ಮನುಷ್ಯನ ಕಣ್ಣಿಗೆ ಬಿದ್ದಿತ್ತು. 1868ರಲ್ಲಿ ಬರ್ಲಿನ್‌ನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಮನುಷ್ಯನ ಚರ್ಮವನ್ನು ಗೋಲ್ಡ್ ಕ್ಲೋರೈಡ್‌ನಲ್ಲಿ ನೆನೆಸಿ ನೋಡಿದಾಗ ಹೊರಚರ್ಮದಲ್ಲಿ ಕವಲು ಕವಲಾದ ಕಪ್ಪು ಕೋಶಗಳು ಕಂಡವು. ಆಕಾರ ನೋಡಿ ಅವು ನರಕ್ಕೆ ಸಂಬಂಧಿಸಿದವೆಂದು ಅವರು ಬಗೆದರು. ಆ ಕಾಲದ ತಿಳಿವಳಿಕೆಗೆ ಅದು ಸಹಜವಾದ ಊಹೆಯೇ. ಆದರೆ ಅದರಿಂದಾಗಿ ಲ್ಯಾಂಗರ್‌ಹಾನ್ಸ್ ಕೋಶ ಒಂದು ಶತಮಾನಕ್ಕೂ ಹೆಚ್ಚು ಕಾಲ ತನ್ನ ನಿಜವಾದ ಕುಲದಿಂದ ದೂರ ಉಳಿಯಿತು.

ಅತ್ತ ರೋಗನಿರೋಧಕ ಶಾಸ್ತ್ರ ಬೇರೆ ದಾರಿ ಹಿಡಿದಿತ್ತು. ರಷ್ಯಾದ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗಳನ್ನು ಪರೀಕ್ಷಿಸುತ್ತ, ಹೊರವಸ್ತುವನ್ನು ಸುತ್ತುವರಿದು ನುಂಗುವ ಕೋಶಗಳನ್ನು ಕಂಡರು. ಈ ಭಕ್ಷಕ ಕೋಶಗಳಲ್ಲಿ ದೊಡ್ಡದಾದ ಮ್ಯಾಕ್ರೋಫೇಜ್ ಮುಂದೆ ರೋಗನಿರೋಧದ ಕಥೆಯ ನಾಯಕನಾಯಿತು. 1960ರ ದಶಕದಲ್ಲಿ ಟಿ ಮತ್ತು ಬಿ ಕೋಶಗಳ ಪಾತ್ರ ಸ್ಪಷ್ಟವಾಗತೊಡಗಿತು. ಅದೇ ದಶಕದಲ್ಲಿ ಇಲಿಯ ಗುಲ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿಟ್ಟು, ಕುರಿಯ ಕೆಂಪು ರಕ್ತಕಣ ಬೆರೆಸಿ, ಪ್ರತಿಕಾಯ ತಯಾರಾಗುವುದನ್ನು ದೇಹದ ಹೊರಗೆ ನೋಡುವ ವಿಧಾನವೂ ಬಂತು. ಇಲ್ಲಿ ಒಂದು ತೊಡಕು ಎದುರಾಯಿತು. ಟಿ ಮತ್ತು ಬಿ ಕೋಶಗಳಷ್ಟೇ ಇದ್ದರೆ ಪ್ರತಿಕಾಯ ಬರುತ್ತಿರಲಿಲ್ಲ. ಗಾಜಿಗೆ ಅಂಟಿಕೊಳ್ಳುವ ಮೂರನೆಯ ಬಗೆಯ ಕೋಶವೂ ಜೊತೆಗಿರಬೇಕಿತ್ತು. ಗಾಜಿಗೆ ಅಂಟುವುದು ಮ್ಯಾಕ್ರೋಫೇಜ್‌ನ ಸ್ವಭಾವ. ಹೀಗಾಗಿ ಆ ಮೂರನೆಯದು ಅದೇ ಇರಬೇಕೆಂದು ಬಹುಮಂದಿ ನಂಬಿದರು.

ಕೆನಡಾದ ಮಾಂಟ್ರಿಯಲ್‌ನಲ್ಲಿ 1943ರಲ್ಲಿ ಹುಟ್ಟಿದ ರಾಲ್ಫ್ ಸ್ಟೈನ್‌ಮನ್ ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಮುಗಿಸಿ, 1970ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರಿಗೆ ಆಸರೆಯಾದದ್ದು ಜಾನ್ವಿಲ್ ಕೋನ್ ಅವರ ಪ್ರಯೋಗಾಲಯ. ಕೋನ್ ಮ್ಯಾಕ್ರೋಫೇಜ್‌ನ ಹೆಸರಾಂತ ತಜ್ಞರು. ಮ್ಯಾಕ್ರೋಫೇಜ್‌ನ ಪಟ್ಟಕ್ಕೆ ಕುತ್ತು ತಂದ ಕೋಶ ಸಿಕ್ಕಿದ್ದು ಅವರ ಮನೆಯಂಗಳದಲ್ಲೇ. ಅದನ್ನು ಮೊದಲು ಲೋಕಕ್ಕೆ ತಿಳಿಸಿದ ಪ್ರಬಂಧದಲ್ಲಿ ಸಹಲೇಖಕರಾಗಿ ಅವರ ಹೆಸರೂ ಇದೆ, ಇದು ಆ ಗುರುವಿನ ದೊಡ್ಡತನ.

ರಾಕ್‌ಫೆಲ್ಲರ್‌ನಲ್ಲಿ ಕೋಶವನ್ನು ಕಣ್ಣಿಟ್ಟು ನೋಡುವ ಪರಂಪರೆ ಗಟ್ಟಿಯಾಗಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕೋಶದ ಒಳರಚನೆಯನ್ನು ತೋರಿಸಿದ ಆಲ್ಬರ್ಟ್ ಕ್ಲೋಡ್, ಜಾರ್ಜ್ ಪಲಾಡೆ ಅಲ್ಲಿಯವರೇ. ಸ್ಟೈನ್‌ಮನ್ ಕೂಡ ಇಲಿಯ ಗುಲ್ಮದಿಂದ ತೆಗೆದ, ಗಾಜಿಗೆ ಅಂಟಿದ ಕೋಶಗಳನ್ನು ಜೀವಂತವಾಗಿಯೇ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಮ್ಯಾಕ್ರೋಫೇಜ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ವಿಚಿತ್ರ ಕೋಶ ಕಂಡಿತು. ಅದು ಎಡೆಬಿಡದೆ ಕೊಂಬೆಗಳನ್ನು ಚಾಚುತ್ತಿತ್ತು, ಬಾಗಿಸುತ್ತಿತ್ತು, ಒಳಗೆಳೆದುಕೊಂಡು ಮತ್ತೆ ಚಾಚುತ್ತಿತ್ತು. ಮ್ಯಾಕ್ರೋಫೇಜ್‌ನಂತೆ ಕಣಗಳನ್ನು ನುಂಗುವ ಹಸಿವು ಅದಕ್ಕಿರಲಿಲ್ಲ. ಗುಲ್ಮದ ಕೋಶಗಳಲ್ಲಿ ಅದರ ಪಾಲು ನೂರಕ್ಕೆ ಒಂದರ ಆಸುಪಾಸು. ಮರ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಡೆಂಡ್ರಿಟಿಕ್ ಕೋಶವೆಂಬ ಹೆಸರಾಯಿತು. ಪ್ರಬಂಧ ಪ್ರಕಟವಾದದ್ದು 1973ರಲ್ಲಿ.

ಹೊಸ ಕೋಶ ಸಿಕ್ಕಿತೆಂದರೆ ಅದರ ಕೆಲಸವೇನೆಂದು ತೋರಿಸಬೇಕು. ಅದಕ್ಕೆ ಮೊದಲು ಅದನ್ನು ಬೇರೆ ಮಾಡಿ ತೆಗೆಯಬೇಕು. ಅದನ್ನು ಹೆಕ್ಕಿ ಹಿಡಿಯಬಲ್ಲ ಯಾವ ಗುರುತೂ ಆಗ ತಿಳಿದಿರಲಿಲ್ಲ. ಆದ್ದರಿಂದ ಕೋಶದ ಗುಣಗಳನ್ನೇ ಜರಡಿಯಾಗಿಸಿಕೊಳ್ಳಬೇಕಾಯಿತು. ಅದರ ಸಾಂದ್ರತೆ ಕಡಿಮೆ, ಹಾಗಾಗಿ ಆಲ್ಬುಮಿನ್ ದ್ರಾವಣದಲ್ಲಿ ತೇಲುತ್ತದೆ. ಮೊದಲು ಗಾಜಿಗೆ ಅಂಟುತ್ತದೆ, ರಾತ್ರಿ ಕಳೆಯುವುದರೊಳಗೆ ಬಿಟ್ಟುಬರುತ್ತದೆ. ಮ್ಯಾಕ್ರೋಫೇಜ್ ಮಾತ್ರ ಅಲ್ಲೇ ಉಳಿಯುತ್ತದೆ. ತಾಳ್ಮೆ ಬೇಡುವ ಈ ಸೋಸುವಿಕೆಯ ನಂತರ ಸ್ಟೈನ್‌ಮನ್ ಮತ್ತು ಮಾರ್ಗರೆಟ್ ವಿಟ್ಮರ್ 1978ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಎರಡು ಪ್ರಾಣಿಗಳ ಬಿಳಿ ರಕ್ತಕಣಗಳನ್ನು ಬೆರೆಸಿದಾಗ ಟಿ ಕೋಶಗಳು ಕೆರಳುತ್ತವೆ. ಹಾಗೆ ಕೆರಳಿಸುವುದರಲ್ಲಿ ಡೆಂಡ್ರಿಟಿಕ್ ಕೋಶ ಉಳಿದ ಕೋಶಗಳಿಗಿಂತ ಕನಿಷ್ಠ ನೂರು ಪಟ್ಟು ಬಲಶಾಲಿ ಎಂದು ಅದು ಹೇಳಿತು.

ಅಷ್ಟಾದರೂ ಸಂಶಯ ಕರಗಲಿಲ್ಲ. ಇದು ಮ್ಯಾಕ್ರೋಫೇಜ್‌ನದೇ ಇನ್ನೊಂದು ರೂಪವೆಂದು ಹಲವರು ವಾದಿಸಿದರು. ಬೇರೆ ಪ್ರಯೋಗಾಲಯಗಳಿಗೆ ಆ ಕೋಶವನ್ನು ಶುದ್ಧವಾಗಿ ತೆಗೆಯುವುದು ಕಷ್ಟವಾಗಿತ್ತು. ಹೊಸ ಕೋಶವನ್ನು ನಂಬದವರನ್ನು ಹಟಮಾರಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಮ್ಮ ಕೈಗೆ ಸಿಗದ ವಸ್ತುವನ್ನು ಅವರು ಸುಲಭವಾಗಿ ಒಪ್ಪಲಿಲ್ಲ, ಅಷ್ಟೆ. ಸ್ಟೈನ್‌ಮನ್ ಅವರ ಹಿರಿಮೆಯಿರುವುದು ವಾದದಲ್ಲಿ ಗೆದ್ದದ್ದರಲ್ಲಿ ಅಲ್ಲ, ಆ ಇಪ್ಪತ್ತು ವರ್ಷ ಅದೇ ವಿರಳ ಕೋಶವನ್ನು ಬಿಡದೆ ಬೆನ್ನುಹತ್ತಿದ್ದರಲ್ಲಿ.

1982ರಲ್ಲಿ ವೆಸ್ಲಿ ವ್ಯಾನ್ ವೂರ್ಹಿಸ್ ಜೊತೆಗೂಡಿ ಅವರ ತಂಡ ಮನುಷ್ಯನ ರಕ್ತದಲ್ಲೂ ಈ ಕೋಶವನ್ನು ಬೇರ್ಪಡಿಸಿತು. 1985ರಲ್ಲಿ ಆಸ್ಟ್ರಿಯಾದ ಗೆರೋಲ್ಡ್ ಷೂಲರ್ ಜೊತೆ ಮಾಡಿದ ಕೆಲಸ ಲ್ಯಾಂಗರ್‌ಹಾನ್ಸ್ ಕೋಶದ ಒಗಟನ್ನು ಬಿಡಿಸಿತು. ಚರ್ಮದಿಂದ ತೆಗೆದಾಗ ಆ ಕೋಶಗಳ ಶಕ್ತಿ ಸಾಧಾರಣ. ಕೆಲವು ದಿನ ತಟ್ಟೆಯಲ್ಲಿ ಬೆಳೆದ ಮೇಲೆ ಅವು ಟಿ ಕೋಶಗಳನ್ನು ಬಲವಾಗಿ ಎಬ್ಬಿಸತೊಡಗಿದವು. ಅಂಗಾಂಶದಲ್ಲಿ ಕಾವಲಿರುವಾಗ ಒಂದು ಅವಸ್ಥೆ, ಬಲಿತು ದುಗ್ಧಗ್ರಂಥಿ ಸೇರಿದ ಮೇಲೆ ಇನ್ನೊಂದು ಅವಸ್ಥೆ ಎಂಬ ಮುಖ್ಯ ಕಲ್ಪನೆ ಇದರಿಂದ ಗಟ್ಟಿಯಾಯಿತು.

ವಿರಳತೆಯ ತೊಂದರೆ ನೀಗಿದ್ದು 1990ರ ದಶಕದಲ್ಲಿ. 1992ರಲ್ಲಿ ಜಪಾನಿನ ಕಾಯೊ ಇನಾಬಾ ಮತ್ತು ಸ್ಟೈನ್‌ಮನ್ ತಂಡ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನ್ ಬಳಸಿ ಇಲಿಯ ಡೆಂಡ್ರಿಟಿಕ್ ಕೋಶಗಳನ್ನು ಹೇರಳವಾಗಿ ಬೆಳೆಸಿತು. 1994ರಲ್ಲಿ ಬಾಸೆಲ್‌ನ ಫೆಡೆರಿಕಾ ಸಲ್ಲುಸ್ಟೊ ಮತ್ತು ಆಂಟೋನಿಯೊ ಲಾಂಜಾವೆಕ್ಕಿಯಾ ಅದಕ್ಕೆ ಇಂಟರ್‌ಲ್ಯೂಕಿನ್-4 ಸೇರಿಸಿ, ಮನುಷ್ಯನ ರಕ್ತದ ಕೋಶಗಳಿಂದಲೇ ಇವನ್ನು ಪಡೆಯುವ ದಾರಿ ತೋರಿದರು. ಈ ಎರಡು ಪ್ರೋಟೀನ್‌ಗಳ ಹದ ತಿಳಿದ ಯಾವ ಪ್ರಯೋಗಾಲಯವಾದರೂ ಇನ್ನು ಒಂದು ವಾರದಲ್ಲಿ ಇಂಥ ಕೋಶಗಳನ್ನು ತಯಾರಿಸಬಹುದಿತ್ತು. ನಂಬಿಕೆ ಹುಟ್ಟಲು ಅಷ್ಟು ಸಾಕಾಯಿತು.

ಈ ಕೋಶದ ಇನ್ನೊಂದು ಮುಖವೂ ಬೆಳಕಿಗೆ ಬಂತು. 1992ರಲ್ಲಿ ಸ್ಟೈನ್‌ಮನ್ ತಂಡ ಎಚ್‌ಐವಿ ವೈರಸ್ ಡೆಂಡ್ರಿಟಿಕ್ ಕೋಶದ ಮೂಲಕ ಟಿ ಕೋಶಗಳನ್ನು ತಲುಪಬಲ್ಲದೆಂದು ತೋರಿಸಿತು. 2001ರಲ್ಲಿ ಮಾಧವ ಧೋಡಪ್ಕರ್ ಮತ್ತು ಸಂಗಡಿಗರು ಇನ್ನೂ ಬಲಿಯದ ಡೆಂಡ್ರಿಟಿಕ್ ಕೋಶಗಳಿಗೆ ಫ್ಲೂ ವೈರಸ್‌ನ ತುಣುಕು ಸೇರಿಸಿ ಇಬ್ಬರು ಸ್ವಯಂಸೇವಕರಿಗೆ ಚುಚ್ಚಿದರು. ಪ್ರತಿರೋಧ ಹೆಚ್ಚುವ ಬದಲು ಆ ತುಣುಕಿಗೆ ಎದುರಾದ ಟಿ ಕೋಶಗಳ ಚಟುವಟಿಕೆ ತಗ್ಗಿತು. ದೇಹ ತನ್ನದನ್ನು ಸಹಿಸಿಕೊಳ್ಳುವಂತೆ ನೋಡಿಕೊಳ್ಳುವುದರಲ್ಲೂ ಈ ಕೋಶಕ್ಕೆ ಪಾಲಿದೆ ಎಂಬ ವಿಚಾರಕ್ಕೆ ಇದು ಮನುಷ್ಯನಲ್ಲೇ ಸಿಕ್ಕ ಆಧಾರ.

ಚಿಕಿತ್ಸೆಯ ಆಸೆ ಫಲಿಸಿದ್ದು ಸ್ವಲ್ಪ ಮಟ್ಟಿಗೆ. 1996ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ನಾಲ್ವರು ಲಿಂಫೋಮಾ ರೋಗಿಗಳಿಗೆ ಅವರದೇ ಡೆಂಡ್ರಿಟಿಕ್ ಕೋಶಗಳ ಲಸಿಕೆ ಕೊಟ್ಟ ವರದಿ ಬಂತು. 2010ರಲ್ಲಿ ಅಮೆರಿಕ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಸಿಪುಲ್ಯೂಸೆಲ್-ಟಿ ಎಂಬ ಚಿಕಿತ್ಸೆಯನ್ನು ಒಪ್ಪಿತು. ರೋಗಿಯ ರಕ್ತದ ಕೋಶಗಳನ್ನೇ ಹೊರಗೆ ಸಜ್ಜುಗೊಳಿಸಿ ಮರಳಿ ಸೇರಿಸುವ ಈ ಕ್ರಮದಿಂದ ಆಯುಷ್ಯ ಮಧ್ಯಾಂಕದ ಲೆಕ್ಕದಲ್ಲಿ 4.1 ತಿಂಗಳು ಹೆಚ್ಚಿತು.

ಸ್ಟೈನ್‌ಮನ್ ಅವರಿಗೇ 2007ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಗೊತ್ತಾಯಿತು. ಉಳಿದ ಚಿಕಿತ್ಸೆಗಳ ಜೊತೆಗೆ ತಮ್ಮ ಡೆಂಡ್ರಿಟಿಕ್ ಕೋಶಗಳಿಂದ ತಯಾರಿಸಿದ ಲಸಿಕೆಯನ್ನೂ ಅವರು ಪಡೆದರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಆ ರೋಗಕ್ಕೆ ಇದು ದೀರ್ಘ ಅವಧಿಯೇ, ಆದರೆ ಒಬ್ಬ ರೋಗಿಯ ಅನುಭವದಿಂದ ಲಸಿಕೆಯ ಗುಣ ಸಿದ್ಧವಾಗುವುದಿಲ್ಲ. 2011ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡರು. ಸುದ್ದಿ ತಿಳಿಯದ ನೊಬೆಲ್ ಸಮಿತಿ ಅಕ್ಟೋಬರ್ 3ರಂದು ಅವರ ಹೆಸರು ಘೋಷಿಸಿತು. ಸತ್ತವರಿಗೆ ಪ್ರಶಸ್ತಿ ಕೊಡಬಾರದೆಂಬ ನಿಯಮವಿದ್ದರೂ, ಅವರು ಬದುಕಿದ್ದಾರೆಂದು ನಂಬಿಯೇ ಮಾಡಿದ ಆಯ್ಕೆಯಾದ್ದರಿಂದ ನೊಬೆಲ್ ಪ್ರತಿಷ್ಠಾನ ಅದನ್ನು ಉಳಿಸಿಕೊಂಡಿತು. ಪ್ರಶಸ್ತಿಯ ಅರ್ಧಪಾಲು ಅವರದು. ಉಳಿದರ್ಧ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರದು. ಸ್ಟಾಕ್‌ಹೋಮ್‌ನಲ್ಲಿ ಸ್ಟೈನ್‌ಮನ್ ಪರವಾಗಿ ನೊಬೆಲ್ ಉಪನ್ಯಾಸ ಕೊಟ್ಟವರು ಅವರ ಶಿಷ್ಯ ಮಿಷೆಲ್ ನುಸೆನ್ಸ್‌ವೈಗ್.

ಈ ಕೋಶದ ಶೋಧ ಅಲ್ಲಿಗೆ ನಿಲ್ಲಲಿಲ್ಲ. ಒಂದೊಂದು ಕೋಶದ ಆರ್‌ಎನ್‌ಎಯನ್ನೂ ಪ್ರತ್ಯೇಕವಾಗಿ ಓದುವ ತಂತ್ರದಿಂದ ಮನುಷ್ಯನ ರಕ್ತವನ್ನು ಪರೀಕ್ಷಿಸಿದ ಸಂಶೋಧಕರು, 1973ರಲ್ಲಿ ಒಂದೇ ಹೆಸರಿನಡಿ ಕಂಡಿದ್ದ ಈ ಕೋಶಗಳಲ್ಲಿ ಆರು ಬಗೆಗಳಿವೆಯೆಂದು 2017ರಲ್ಲಿ ವರದಿ ಮಾಡಿದರು.