ಕ್ಷೌರ ಮತ್ತು ಸೌಂದರ್ಯ ವೃತ್ತಿ, ಪರವಾನಗಿ (ಕರ್ನಾಟಕ)

ಕೂದಲು, ಗಡ್ಡ, ಚರ್ಮಗಳ ಆರೈಕೆಯ ಸೇವಾವೃತ್ತಿ. ಕರ್ನಾಟಕದಲ್ಲಿ ಸವಿತಾ ಸಮಾಜ, ಹಡಪದ ಮೊದಲಾದ ಸಮುದಾಯಗಳ ಕುಲಕಸುಬು, ಕಲಿಕೆ ಮನೆಯಲ್ಲೇ. ಹಳ್ಳಿಯ ಆಯಗಾರರಲ್ಲಿ (ಗ್ರಾಮಸೇವೆಯ ಕಸುಬುದಾರರಲ್ಲಿ) ಒಬ್ಬನಾದ ಕ್ಷೌರಿಕನಿಗೆ ಸುಗ್ಗಿಯ ಧಾನ್ಯವೇ ಕೂಲಿಯಾಗಿತ್ತು. ಪರವಾನಗಿಯ ವಿಷಯಕ್ಕೆ ಬಂದರೆ, ಅಮೆರಿಕದ ಮಿನೆಸೋಟ ರಾಜ್ಯ 1897ರಲ್ಲಿ ಕ್ಷೌರಿಕನಿಗೇ ಪರವಾನಗಿ ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ ಪರವಾನಗಿ ವ್ಯಕ್ತಿಗಲ್ಲ, ಅಂಗಡಿಗೆ. ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಸಲೂನ್, ಬ್ಯೂಟಿ ಪಾರ್ಲರ್‌ಗಳಿಗೆ ಪಾಲಿಕೆಯ ಉದ್ದಿಮೆ ಪರವಾನಗಿಯೂ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯೂ ಬೇಕು. ಕುರ್ಚಿಯ ಬಳಿ ನಿಂತು ದುಡಿಯುವವರ ಕೌಶಲಕ್ಕೆ ಮಾತ್ರ ಕಡ್ಡಾಯ ದಾಖಲೆಯಿಲ್ಲ. ಇದು ಗಂಭೀರ ಕೊರತೆ. ಐಟಿಐಗಳ ಸೌಂದರ್ಯ ತರಬೇತಿ ಐಚ್ಛಿಕ. 2020ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂ. ಪರಿಹಾರ ಘೋಷಿಸಿ, ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಕರೆಯಿತು. ವೃತ್ತಿಪ್ರವೇಶಕ್ಕೆ ಸಂಘಗಳ ತಡೆಯೂ ಇತ್ತು: ಮಹಿಳೆಯರಿಗೆ ಮೇಕಪ್ ಕಲಾವಿದರಾಗಿ ಸದಸ್ಯತ್ವ ನಿರಾಕರಿಸುತ್ತಿದ್ದ ಮುಂಬೈ ಚಿತ್ರೋದ್ಯಮ ಸಂಘದ ನಿಯಮವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ರದ್ದುಪಡಿಸಿತು.